ಮಿರಗದಾಗ ನಾವು ಬಲೆ ಬೀಸೂದಿಲ್ರಿ

ಕೊಲ್ಹಾಪುರದಿಂದ ಮೊದಲ ಬಂದಿದ್ದ ಆ ಸಾಹೇಬ ನೆನಪಾದ್ರ ನನಗ ಈಗೂ ಮೈ ಉರೀತೈತಿ. ಅವನಕಿಂತ ಹೆಚ್ಚು ಸಿಟ್ಟು ನನ್ನ ನಾಲಿಗಿ ಮ್ಯಾಲ.

ನಾ ಗಡಹಿಂಗ್ಲಜಕ್ಕ ಸೊಸಿಯಾಗಿ ಬಂದಾಗ ಎರಡನೇ ಮಹಾಯುದ್ಧ ನಡದಿತ್ತು. ನಮ್ಮ ಮಾವನ ಮನಿತನದಾಗ ಅಜ್ಜ ಮುತ್ತಜ್ಜನ ಕಾಲದಿಂದ ಹಿರಣ್ಯಕೇಶಿ ಹೊಳ್ಯಾಗ ಮೀನು ಹಿಡಿಯೂದು. ಮಾವ ಬಲೆ ಬೀಸಾಂವ, ಅತ್ತಿ ಮತ್ತ ನಾ ಬುಟ್ಟಿ ಹೊತಗೊಂಡು ಮಹಾಗಾಂವತನಕ ಹೋಗಿ ಮಾರಿ ಬರತಿದ್ವಿ. ಮಾವ ಭಾಳ ಹಟದ ಮನಶಾ. ಮುಂಗಾರಿನ ಮಿರಗದ ಮಳಿ ಬಿದ್ದು ಹೊಳಿಗೆ ಕೆಂಪು ನೀರು ಬಂತಂದ್ರ ಬಲೆ ಸುತ್ತಿ ಜಂತಿಗೆ ಕಟ್ಟಿಬಿಡಾಂವ. ಶ್ರಾವಣ ಮುಗಿಯೂತನಕ ಇಳಸೂ ಮಾತಿಲ್ಲ. "ಬಸರಿ ಅದಾವ ಯವ್ವಾ, ತತ್ತಿ ಹಾಕಾಕ ಮ್ಯಾಲ ಏರಾಕತ್ತಾವ. ಈಗ ಮುಟ್ಟಬಾರದು" ಅಂತಿದ್ದ. ಆ ಮೂರು ತಿಂಗಳು ನಾವು ಮಂದಿ ಹೊಲದಾಗ ಕಳೆ ತಗದು ಹೊಟ್ಟಿ ಹೊರೀತಿದ್ವಿ. ಒಮ್ಮೊಮ್ಮೆ ಬರೇ ಅಂಬಲಿ ಕುಡದು ಮಲಗೂದು. ಅತ್ತಿ ಗೊಣಗೂದು ಗೊಣಗಾಕಿ, ಮಾವ ಕಿವುಡನಂಗ ಕುಂಡ್ರತಿದ್ದ.

ಒಂದ್ ಬ್ಯಾಸಗಿ ಕೊಲ್ಹಾಪುರದಿಂದ ಸಾಹೇಬ ಬಂದ. ಹೊಳಿ ಮೀನಿಗೆ ಹೊಸ ಕಾಯ್ದೆ ಮಾಡತಾರಂತ. ಯಾವ ಮಡುವಿನ್ಯಾಗ ಯಾರು, ಯಾವ ತಿಂಗಳು ಹಿಡೀಬೇಕು ಅನ್ನೂದೆಲ್ಲ ಕಾಗದದ ಮ್ಯಾಲ ಬರಬೇಕಂತ. ಸಾಹೇಬಗ ಕನ್ನಡ ಬಾರದು, ಮಾವಗ ಮರಾಠಿ ಸಂತ್ಯಾಗ ಮೀನು ಮಾರೂವಷ್ಟ ಬರತಿತ್ತು. ನಾ ಮರಾಠಿ ಸಾಳ್ಯಾಗ ನಾಕನೇ ಇಯತ್ತೆತನಕ ಕಲತಾಕಿ. "ನೀನ ಹೇಳವಾ" ಅಂದ ಮಾವ. ಸೆರಗು ತಲಿಮ್ಯಾಲ ಎಳಕೊಂಡು ಚಾವಡಿ ಮುಂದ ನಿಂತ್ನಿ.

"ಹನ್ನೆರಡೂ ತಿಂಗಳು ಹಿಡೀತೀರೇನು?" ಅಂತ ಸಾಹೇಬ ಕೇಳಿದ.

ಮಾವ ಎದಿ ಉಬ್ಬಿಸಿದ. "ಇಲ್ರಿ. ಮಿರಗದಿಂದ ಶ್ರಾವಣ ಮುಗಿಯೂತನಕ ನಾವು ಬಲೆ ಬೀಸೂದಿಲ್ರಿ. ನಮ್ಮಜ್ಜನೂ ಬೀಸಿಲ್ಲ."

ನಾನರ ಏನ್ ಕಡಿಮಿ! ಒಂದ ಮಾತೂ ಬಿಡದ ಮರಾಠ್ಯಾಗ ಹೇಳಿದ್ನಿ, ತತ್ತಿ ವಿಷಯಾನೂ ಹೇಳಿದ್ನಿ. ಸಾಹೇಬನ ಕಾರಕೂನ ಬರಕೊಂಡ. ಮಾವ ಹೆಬ್ಬಟ್ಟು ಒತ್ತಿದ, ನಾ ಸಹಿ ಮಾಡಿದ್ನಿ. "ನಮ್ಮ ಮನಿ ರೀತಿ ಸರ್ಕಾರದ ಕಾಗದಕ್ಕ ಏರಿತು ನೋಡ್ರಿ" ಅಂತ ಮಾವ ದಾರಿಗುಂಟ ಎದುರು ಬಂದವರಿಗೆಲ್ಲ ಹೇಳಕೋತ ಬಂದ.

ಮಿರಗ ಕೂಡ್ತು. ಬ್ಯಾರೆ ಊರಿನ ಗುತ್ತೇದಾರನ ಆಳುಗಳು ಬಂದು ನಮ್ಮ ಮಡುವಿನ ಬಾಯಿಗೆ ಬಿದಿರಿನ ತಟ್ಟಿ ಅಡ್ಡ ಕಟ್ಟಿದ್ರು. ಏರಿ ಬರೂ ಬಸರಿ ಮೀನೆಲ್ಲಾ ತಟ್ಟಿಗೆ ಬಡದು ಅವರ ಬುಟ್ಟಿ ತುಂಬಿದ್ವು. ಮಾವ, ನಾ ಇಬ್ರೂ ತೊಯಿಸಿಕೊಂಡು ಕಚೇರಿಗೆ ಓಡಿದ್ವಿ. ಕಾರಕೂನ ಕಾಗದ ತಗದು ಮುಂದಿಟ್ಟ. ಈ ಮೂರು ತಿಂಗಳು ಇವರಿಗೆ ಹೊಳಿಯ ಗರಜಿಲ್ಲ ಅಂತ ಬರದಿತ್ತು. ಗರಜಿಲ್ಲದ ತಿಂಗಳು ಹೊಳಿ ಯಾಕ ಖಾಲಿ ಬಿಡಬೇಕು ಅಂತ ಗುತ್ತೇದಾರಗ ಕೊಟ್ಟಿದ್ರು. ಕೆಳಗ ನನ್ನ ಸಹಿ! ಅಯ್ಯ ಇವರ, ತತ್ತಿ ಮಾತು ಎಲ್ಲಿ ಹೋತು?

"ಅಂಥಾದಕ್ಕ ಇದರಾಗ ಜಾಗಾ ಇಲ್ಲವಾ" ಅಂದ ಕಾರಕೂನ.

ನನಗ ಓದಾಕ ಬರತಿತ್ತು. ಓದದ ಸಹಿ ಮಾಡಿದ್ನಿ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹಿಂಗ ಎರಡು ಮಳಿಗಾಲ ಹೋದ್ವು. ಶ್ರಾವಣ ಮುಗದಮ್ಯಾಲ ಮಾವ ಬಲೆ ಬೀಸಿದ್ರ ಬೆರಳಿನಷ್ಟು ಮೀನು, ಅವೂ ನಾಕೋ ಐದೋ. ನಮ್ಮ ಬುಟ್ಟಿ ಮಹಾಗಾಂವ ಮುಟ್ಟೂದ ನಿಂತಿತು.

ಮೂರನೇ ಬ್ಯಾಸಗಿಗೆ ಬ್ಯಾರೆ ಸಾಹೇಬ ಬಂದ, ಇವಗೂ ಕನ್ನಡ ಬಾರದು. ಕುರ್ಚಿ ಬಿಟ್ಟು ನಮ್ಮ ಕಟ್ಟಿಮ್ಯಾಲ ಬಂದು ಕುಂತ. "ಮೀನು ತತ್ತಿ ಹಾಕೂ ತಿಂಗಳು ಯಾವು ಹೇಳ್ರಿ. ಆವಾಗ ಗುತ್ತೇದಾರನೂ ಇಳೀಬಾರದು ಅಂತ ಬರೀತೀನಿ" ಅಂದ.

ಮಾವ ನನ್ನ ಕಡೆ ತಿರುಗಿದ. "ಹನ್ನೆರಡೂ ತಿಂಗಳು ನಾವ ಹಿಡೀತೀವಿ ಅಂತ ಹೇಳು. ತತ್ತಿ ಗಿತ್ತಿ ನಮಗ ಗೊತ್ತಿಲ್ಲ ಅನ್ನು."

"ಮಾವಾ, ಈ ಮನಶಾ ಬ್ಯಾರೆ ಕಾಣತಾನ್ರಿ. ಖರೇ ಹೇಳೂಣು."

"ಖರೇ ಹೇಳಿ ಒಮ್ಮೆ ಸತ್ತೀವಿ. ಹೇಳಿದಷ್ಟು ಹೇಳು."

ಹೇಳಿದ್ನಿ. ಸಾಹೇಬ ಹೇಳಿದಷ್ಟ ಬರಕೊಂಡು ಹೋದ. ಬಂದ ಹುಕುಮಿನ್ಯಾಗ ಗುತ್ತೇದಾರನ ಹೆಸರು ಹೋಗಿ, ಹನ್ನೆರಡೂ ತಿಂಗಳು ಮಡುವು ನಮಗ ಬಂತು. ನಾವು ಬಲೆ ಬೀಸದ ಬಿಟ್ಟ ತಿಂಗಳು ಮತ್ತ ಗುತ್ತೇದಾರನ ಪಾಲು.

ಆ ವರ್ಷ ಮಿರಗದ ನೀರಿನ್ಯಾಗ ಮೊದಲನೇ ಬಲೆ ನಮ್ಮ ಮಾವಂದ ಬಿತ್ತು. ಬುಟ್ಟಿ ತಂದು ಬಾಗಿಲದಾಗ ಇಟ್ಟು, ಒಳಗ ಬರದ ಕಟ್ಟಿಮ್ಯಾಲ ಕುಂತ. ನಾ ಈಳಿಗಿ ತಗೊಂಡು ಮೊದಲನೇ ಮೀನ ಸೀಳಿದ್ನಿ. ಮೊಳಕೈತನಕ ತತ್ತಿ ಇಳದ್ವು. ಎರಡನೇದರಾಗೂ ಹಂಗ, ಮೂರನೇದರಾಗೂ ಹಂಗ.

"ತತ್ತಿ ಇದ್ದುವೇನ?" ಅಂತ ಹೊರಗಿಂದ ಮಾವ ಕೇಳಿದ.

"ಇಲ್ರಿ ಮಾವಾ" ಅಂದ್ನಿ, ಅಂದು ತತ್ತಿಮ್ಯಾಲ ಬೂದಿ ಮುಚ್ಚಿದ್ನಿ.