ಕಣ್ಣಳತೆ ಟೈಲರ್ ಕೊಂಡ ಕೋಟು

ಬೀದಿಯಲ್ಲಿ ಅವನಿಗೆ ಕಣ್ಣಳತೆ ಎಂದೇ ಹೆಸರು. ಅಂಗಡಿಯ ಮೆಟ್ಟಿಲು ಹತ್ತಿ ಬಂದವರನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ಎದೆ ಮೂವತ್ತೆಂಟು, ಭುಜ ಹದಿನೇಳೂವರೆ" ಎಂದು ಕೂಗಿಬಿಡುತ್ತಿದ್ದ. ಆಮೇಲೆ ಕೊರಳಲ್ಲಿದ್ದ ಟೇಪು ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ, ಅಷ್ಟೆ. ಕಟಿಂಗ್ ಮೇಜಿನ ತುದಿಯಲ್ಲಿ ಹೆಂಡತಿ ಅಳತೆ ಪುಸ್ತಕ ತೆರೆದುಕೊಂಡು ಕೂತಿರುತ್ತಿದ್ದಳು. ಅವನು ಕೂಗಿದ್ದನ್ನು ಬರೆಯುವುದು ಅವಳ ಕೆಲಸ. ಇಪ್ಪತ್ತೊಂಬತ್ತು ವರ್ಷ ಅವನು ಕೂಗಿದ, ಅವಳು ಬರೆದಳು. ಅವನು ಹೇಳಿದ್ದೊಂದು, ಅವಳು ಬರೆದದ್ದೊಂದು ಎಂದು ಒಂದು ದಿನವೂ ಆದದ್ದಿಲ್ಲ.

ಪ್ರತಿ ಪುಸ್ತಕದ ಮೊದಲ ಹಾಳೆ ಮಾತ್ರ ಗಿರಾಕಿಗಳದ್ದಲ್ಲ. ಅಲ್ಲಿ 'ಮನೆ' ಎಂದು ಬರೆದು, ಕೆಳಗೆ ಹೆಂಡತಿಯ ಅಳತೆ. ಎದೆ ಮೂವತ್ತಾರು. ಮದುವೆಯಾದ ವಾರ ಟೇಪು ಹಿಡಿದು ತೆಗೆದದ್ದು. ಒಂದು ಪುಸ್ತಕ ಮುಗಿದರೆ ಅದೇ ಅಂಕಿಗಳು ಹೊಸದಕ್ಕೆ ಹೋಗುತ್ತಿದ್ದವು. ಮಗಳು ಹುಟ್ಟಿದ ಮೇಲೆ ಒಂದಿಂಚು ಏರಿ ಮತ್ತೆ ಇಳಿದಿತ್ತು. "ಇವಳ ಮೈ ಮೈಲಿಗಲ್ಲು ಇದ್ದ ಹಾಗೆ, ಕದಲೋದೇ ಇಲ್ಲ" ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಹೀಗಿರುವಾಗ ನೂಲಿನ ಕಂಪನಿಯವರು ಟೈಲರುಗಳಿಗಾಗಿ ಚೀಟಿ ಎತ್ತಿದರು, ಇವನ ಹೆಸರು ಬಂತು. ಗಂಡಹೆಂಡತಿಗೆ ಪರದೇಶದ ದೊಡ್ಡ ಊರಿನಲ್ಲಿ ಐದು ದಿನ. ಬೇಡವಾದರೆ ಅದರ ಬದಲು ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷೀನು ಕೊಡುತ್ತೇವೆ ಅಂದಿದ್ದರು. ಇವನಿಗೆ ಮಷೀನಿನ ಮೇಲೇ ಕಣ್ಣು. ಪ್ರಯಾಣ ಮಾಡಿದ್ದು ಎರಡು ದಿನಕ್ಕೆ ಮರೆತುಹೋಗುತ್ತದೆ, ಮಷೀನು ಹದಿನೈದು ವರ್ಷ ಓಡುತ್ತದೆ ಎಂಬ ಲೆಕ್ಕ ಅವನದು. ಆದರೆ ಜನ್ಮದಲ್ಲಿ ಇದು ಬೇಕು ಎಂದು ಬಾಯಿಬಿಟ್ಟು ಕೇಳದ ಹೆಂಡತಿ ಪಟ್ಟು ಹಿಡಿದಳು.

"ಹೋಗೋಣ ರೀ."

"ಚೀಟಿ ಮುಂದಿನ ವರ್ಷಕ್ಕೂ ನಡೆಯತ್ತಂತೆ. ಆಗ ನೋಡೋಣ ಬಿಡು."

"ಮುಂದಿನ ವರ್ಷ ಅನ್ನೋದು ಬೇಡ. ಈಗಲೇ ಹೋಗಿಬರೋಣ."

ವಯಸ್ಸಾದ ಮೇಲೆ ಹೆಂಗಸರಿಗೆ ಊರು ಸುತ್ತುವ ಚಪಲ ಹತ್ತುತ್ತದೆ ಎಂದು ಯಾರೋ ಗಿರಾಕಿ ಹೇಳಿದ್ದ. ಇದೂ ಅದೇ ಇರಬೇಕು ಅಂದುಕೊಂಡ. ಬುದ್ಧಿವಂತ! ಊರವರ ಸೊಂಟವೆಲ್ಲ ಬಾಯಿಪಾಠ, ಮನೆಯವಳ ಮನಸ್ಸು ಮಾತ್ರ ಯಾರೋ ಹೇಳಿದ್ದು.

ಹೋಟೆಲ್ ಕೋಣೆಯಲ್ಲಿ ಸೋಪಿನ ಪಕ್ಕ ಬೆರಳುದ್ದದ ಪೊಟ್ಟಣವೊಂದು ಇತ್ತು. ಒಳಗೆ ಒಂದು ಸೂಜಿ, ಎರಡು ಗುಂಡಿ, ಕಡು ಗುಲಾಬಿ ದಾರ. "ನೋಡೇ, ಟೈಲರಿಗೇ ಸೂಜಿ ದಾರ ಕೊಟ್ಟಿದಾರೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಮಾರನೆಯ ದಿನ ಪೊಟ್ಟಣ ಅಲ್ಲಿರಲಿಲ್ಲ. ಬಿಟ್ಟಿ ಸಿಕ್ಕಿದ್ದು ಅಂತ ಪೆಟ್ಟಿಗೆಗೆ ಹಾಕಿಕೊಂಡಿದ್ದಾಳೆ ಎಂದುಕೊಂಡ.

ನಾಲ್ಕನೆಯ ದಿನ ತಂಡದವರಿಗೆಲ್ಲ ಬಿಡುವು. ನಿಮಗೆ ಬೇಕಾದ್ದು ಕೊಳ್ಳಿ, ತಿನ್ನಿ, ಸಂಜೆಗೆ ಬನ್ನಿ ಅಂದರು. ಬೆಳಗ್ಗೆ ತಿಂಡಿಗೆ ಕೂತಾಗ ಹೆಂಡತಿ ತನ್ನ ತಟ್ಟೆಯ ಮೊಟ್ಟೆಯನ್ನೂ ರೊಟ್ಟಿಯನ್ನೂ ಅವನ ತಟ್ಟೆಗೆ ದಾಟಿಸಿದಳು. ಮೂರು ದಿನದಿಂದ ಇದೇ ನಡೆದಿತ್ತು. ತಿನ್ನುವ ವಿಷಯದಲ್ಲಿ ಕಣ್ಣಳತೆ ಎರಡು ಮಾತಾಡುವವನಲ್ಲ. ಸಿಕ್ಕಿದ್ದಕ್ಕೆ ಸೈ.

ಪೇಟೆಗೆ ಹೋದರು. ಗುಂಡಿಗಳದ್ದೇ ಒಂದು ಬೀದಿ ಇತ್ತು. ಕೊಂಬಿನ ಗುಂಡಿ, ಚಿಪ್ಪಿನ ಗುಂಡಿ, ಸಾಸಿವೆ ಕಾಳಿನಷ್ಟು ಚಿಕ್ಕವು, ಬಾಟಲಿ ಮುಚ್ಚಳದಷ್ಟು ದೊಡ್ಡವು. ಅವನು ಅಂಗಡಿಯಿಂದ ಅಂಗಡಿಗೆ ಮಗುವಿನ ಹಾಗೆ ಓಡಾಡಿದ. ಅವಳು ಸಿಕ್ಕ ಸ್ಟೂಲು, ಮೆಟ್ಟಿಲು, ಕಟ್ಟೆಯ ಮೇಲೆಲ್ಲ ಕೂತಳು.

"ಇಷ್ಟು ದೂರ ಬಂದದ್ದು ಕೂತ್ಕೊಳ್ಳೋಕಾ? ಕೂರೋದಾದ್ರೆ ಅಂಗಡೀಲೇ ಕುರ್ಚಿ ಇತ್ತಲ್ಲೇ."

"ನೀವು ನೋಡ್ತಾ ಇರಿ. ನಾನು ನಿಮ್ಮನ್ನ ನೋಡ್ತೀನಿ."

ಅವಳು ಕೊಂಡದ್ದಾದರೂ ಏನು? ತನಗೆ ಒಂದು ಪಿನ್ನೂ ಇಲ್ಲ. ಗಂಡನಿಗೆ ಬನಿಯನ್ನು, ಒಂದಲ್ಲ ಎರಡಲ್ಲ, ಎರಡು ಡಜನ್ನು. ಮೂಗಿಗೇರಿಸುವ ಓದುವ ಕನ್ನಡಕ ಮೂರು, ಒಂದಕ್ಕಿಂತ ಒಂದು ಹೆಚ್ಚಿನ ನಂಬರಿನವು. "ಈಗಿನದು ಸಾಲದೇ ಹೋದಾಗ ಇದು, ಇದೂ ಸಾಲದೇ ಹೋದಾಗ ಅದು" ಎಂದು ವಿವರಿಸಿದಳು. ಆಮೇಲೆ ಅನ್ನ ಮಾಡುವ ಕರೆಂಟಿನ ಪಾತ್ರೆ, ಅದೂ ತೀರಾ ಚಿಕ್ಕದು. ನೀರು ಯಾವ ಗೆರೆಯವರೆಗೆ, ಒತ್ತುವ ಗುಂಡಿ ಯಾವುದು ಎಂದು ಅಂಗಡಿಯವನ ಕೈಲಿ ಎರಡು ಸಲ ತೋರಿಸಿದಳು. ತೋರಿಸಿದ್ದು ತನಗಲ್ಲ, ಗಂಡನಿಗೆ.

"ನನಗ್ಯಾಕೆ ತೋರಿಸ್ತೀಯ? ಅಡುಗೆ ಮನೆ ನಿನ್ನದು."

"ಕಲಿತಿದ್ರೆ ಏನು ಕೈ ಸವೆಯಲ್ಲ. ಒಂದ್ಸಲ ನೀವು ಒತ್ತಿ."

ಅವನು ಮುಖ ಗಂಟಿಕ್ಕಿಕೊಂಡು ಒತ್ತಿದ. ಕೆಂಪು ದೀಪ ಹತ್ತಿತು.

ಮಧ್ಯಾಹ್ನ ಕಿಕ್ಕಿರಿದ ಊಟದ ಅಂಗಡಿಯೊಂದರ ಮೂಲೆಯಲ್ಲಿ ಜಾಗ ಸಿಕ್ಕಿತು. ಇಬ್ಬರಿಗೂ ಬಟ್ಟಲು ತುಂಬ ಬಿಸಿ ಸಾರು, ಅದರೊಳಗೆ ಶಾವಿಗೆ, ಪಕ್ಕದಲ್ಲಿ ಹುರಿದ ಮೀನು. ಅವಳು ಎರಡು ಚಮಚ ಸಾರು ಕುಡಿದು, ಮೂರನೆಯದಕ್ಕೆ ಚಮಚ ಎತ್ತಿ, ಹಾಗೇ ಕೆಳಗಿಟ್ಟಳು. ಬಟ್ಟಲು ಅವನ ಕಡೆ ಸರಿಯಿತು. ಅವನು ಎರಡನ್ನೂ ಮುಗಿಸಿ ತೇಗಿದ. "ಪರದೇಶದ ಊಟ ನಿನಗೆ ಒಗ್ಗಲ್ಲ ಬಿಡು. ಊರಿಗೆ ಹೋದ್ಮೇಲೆ ತಿನ್ನುವೆಯಂತೆ" ಅಂದ. ಅವಳು ಹೂಂ ಅಂದಳು.

ಹೊರಗೆ ಬಂದಾಗ ಗಾಳಿ ಎದ್ದಿತ್ತು. ಅವಳು ಶಾಲನ್ನು ಎರಡು ಸುತ್ತು ಸುತ್ತಿಕೊಂಡರೂ ಹಲ್ಲು ಕಟಕಟ ಅನ್ನುತ್ತಿದ್ದವು. ಕಣ್ಣಳತೆಗೆ ಪಾಪ ಅನ್ನಿಸಿತು. ರೆಡಿಮೇಡ್ ಎಂದರೆ ಮೂಗು ಮುರಿಯುವವನು, ಯಾರ ಮೈಗೂ ಅಲ್ಲದೆ ಹೊಲಿದದ್ದು ಬಟ್ಟೆಯೇ ಅಲ್ಲ ಎಂದು ಭಾಷಣ ಬಿಗಿಯುವವನು, ತಾನೇ ಅವಳ ರಟ್ಟೆ ಹಿಡಿದು ಕೋಟಿನ ಅಂಗಡಿಗೆ ನುಗ್ಗಿದ.

"ಬೇಡ ರೀ, ನಿಜವಾಗ್ಲೂ ಬೇಡ."

"ಸುಮ್ನಿರು. ಒಂದು ಸಲಕ್ಕೆ ನಾನೂ ಗಂಡ ಅನ್ನಿಸ್ಕೋತೀನಿ."

ಅಂಗಡಿಯ ಹೆಂಗಸಿಗೆ ಇವನ ಭಾಷೆ ಬಾರದು. ಅವನು ಒಂದು ಚೀಟಿಯ ಮೇಲೆ 36 ಎಂದು ಬರೆದು ತೋರಿಸಿದ. ಅವಳು ಚೀಟಿ ನೋಡಿದಳು, ಹೆಂಡತಿಯನ್ನು ನೋಡಿದಳು, ಇಲ್ಲ ಎಂದು ತಲೆಯಾಡಿಸಿದಳು. ಕಣ್ಣಳತೆಗೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಹ್ಯಾಂಗರು ಹಿಡಿದವಳು ತನಗೆ ಅಳತೆ ಹೇಳಿಕೊಡುವುದೇ? ಚೀಟಿಯ ಮೇಲೆ ಬೆರಳಿನಿಂದ ಕುಟ್ಟಿದ. ಮೂವತ್ತಾರರ ಬೂದು ಬಣ್ಣದ ಕೋಟು ಬಂತು. ಹೆಂಡತಿ ಶಾಲು ತೆಗೆದು ತೊಟ್ಟಳು. ಭುಜದ ಹೊಲಿಗೆ ಅರ್ಧ ತೋಳಿಗೆ ಇಳಿಯಿತು, ಬೆರಳುಗಳು ತೋಳಿನೊಳಗೆ ಮುಳುಗಿದವು.

"ಇವರ ಮೂವತ್ತಾರೇ ಬೇರೆ ಇರಬೇಕು" ಅಂದ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಜೇಬಿನಿಂದ ತನ್ನ ಟೇಪು ತೆಗೆದು ಕೋಟನ್ನು ಅಳೆದ. ಕೋಟಿನಲ್ಲಿ ಒಂದು ನೂಲೂ ತಪ್ಪಿರಲಿಲ್ಲ. ಹಾಗಾದರೆ ಮೈಯನ್ನು ಅಳೆಯೋಣ ಎಂದು ಅವಳ ಕಡೆ ತಿರುಗಿದಾಗ ಅವಳು ಟೇಪಿನ ಮೇಲೆ ಕೈ ಇಟ್ಟಳು.

"ಇಲ್ಲಿ ಬೇಡ."

ಅಂಗಡಿಯ ಹೆಂಗಸು ಚಿಕ್ಕ ಕೋಟೊಂದನ್ನು ತಂದು ಹೆಂಡತಿಯನ್ನು ಕರೆದುಕೊಂಡು ಪರದೆಯ ಹಿಂದೆ ಹೋದಳು. ಒಳಗಿನಿಂದ ಅವಳು ರವಿಕೆಯ ಮೇಲೆ ತೊಟ್ಟಿದ್ದ ಜಾಕೆಟ್ಟು ಇವನ ಕೈಗೆ ಬಂತು. ಮೂರು ವರ್ಷದ ಹಿಂದೆ ಇವನೇ ಹೊಲಿದದ್ದು. ಟೈಲರನ ಕೈಗೆ ಬಟ್ಟೆ ಸಿಕ್ಕರೆ ಅವನು ನೋಡುವುದು ಒಳಮಗ್ಗುಲನ್ನು. ಇವನೂ ಅಭ್ಯಾಸಬಲದಿಂದ ತಿರುವಿ ಹಾಕಿದ.

ಪಕ್ಕದ ಹೊಲಿಗೆ ಇವನದೇ, ಮಷೀನಿನದು. ಅದರ ಒಳಗೆ ಕೈಹೊಲಿಗೆಯ ಒಂದು ಸಾಲು, ನೀಲಿ ದಾರ. ಅದಕ್ಕೂ ಒಳಗೆ ಇನ್ನೊಂದು ಸಾಲು, ಕಪ್ಪು ದಾರ. ಅದಕ್ಕೂ ಒಳಗೆ ಮೂರನೆಯದು. ಎರಡೂ ಪಕ್ಕದಲ್ಲಿ ಹಾಗೇ. ಸಣ್ಣ ಸಣ್ಣ ಹೊಲಿಗೆ, ತುದಿಯಲ್ಲಿ ಎರಡು ಗಂಟು. ಅವಳಿಗೆ ಅವನೇ ಕಲಿಸಿದ ಗಂಟು. ಎರಡು ಪಕ್ಕ ಸೇರಿ ಒಂದು ಸಾಲಿಗೆ ಎರಡಿಂಚು ಹಿಡಿದರೂ ಆರಿಂಚು. ಮೂರನೆಯ ಸಾಲಿನ ದಾರ ಕಡು ಗುಲಾಬಿ.

ಇದೇ ಊರಿನಲ್ಲಿ, ಇದೇ ವಾರ, ಅವನು ಗೊರಕೆ ಹೊಡೆಯುತ್ತಿದ್ದಾಗ, ಅವಳು ಕೂತು ಹಾಕಿದ ಹೊಲಿಗೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ಈ ಮಹಾನುಭಾವನಿಗೆ ಕನ್ನಡಿಯೂ ಸಾಲದೆ ಒಳಮಗ್ಗುಲು ಬೇಕಾಯಿತು. ಗಿರಾಕಿಗಳಿಗೆಂದು ಹಾಕಿದ್ದ ಸ್ಟೂಲಿನ ಮೇಲೆ ಕುಸಿದು ಕೂತ.

ಪರದೆ ಸರಿಯಿತು. ಚಿಕ್ಕ ಕೋಟು ಅವಳಿಗೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಅವನ ಕೈಯಲ್ಲಿ ತಿರುವಿದ ಜಾಕೆಟ್ಟು ನೋಡಿ ಅವಳು ಅಲ್ಲೇ ನಿಂತಳು.

"ಯಾವಾಗಿಂದ?"

"ಎಂಟು ತಿಂಗಳಾಯ್ತು."

"ಡಾಕ್ಟರು?"

"ಮಗಳ ಜೊತೆ ಹೋಗಿದ್ದೆ. ಹೊಟ್ಟೇಲಿ ಗಡ್ಡೆ. ಕೊಯ್ಯೋ ಕಾಲ ದಾಟಿದೆ ಅಂದ್ರು."

"ಮಗಳಿಗೂ ಗೊತ್ತು."

"ಅವಳ ಮೇಲೆ ಕೋಪ ಮಾಡ್ಕೋಬೇಡಿ. ನಾನೇ ಆಣೆ ಹಾಕಿಸಿದ್ದೆ."

ಅವನಿಗೆ ಕೋಪವೇ ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. "ದಿನಾ ನನ್ನೆದುರಿಗೇ ಕೂತು ಊರವರ ಅಳತೆ ಬರೀತಿದ್ದೆಯಲ್ಲೇ" ಅಂದ.

"ನೀವೇ ನೋಡ್ತೀರ ಅಂತ ಮೊದಮೊದಲು ಕಾದೆ. ಆಮೇಲೆ, ನೋಡದಿದ್ರೇ ಒಳ್ಳೇದು ಅನ್ನಿಸ್ತು. ಅಂಗಡೀಲಿ ನಗ್ತಾ ಇದ್ರಿ." ಕೋಟಿನ ಗುಂಡಿ ಬಿಚ್ಚತೊಡಗಿದಳು. "ಇದು ಬೇಡ ರೀ. ಎಷ್ಟು ದಿನ ಹಾಕ್ಕೋತೀನಿ."

ಅವನು ಎದ್ದ. ಚಿಕ್ಕ ಕೋಟನ್ನು ಅಂಗಡಿಯ ಹೆಂಗಸಿಗೆ ವಾಪಸ್ಸು ಕೊಟ್ಟು, ಮೂವತ್ತಾರರ ಬೂದು ಕೋಟು ಎತ್ತಿಕೊಂಡ. ಆ ಹೆಂಗಸು ಬೇಡ ಬೇಡ ಎಂದು ಕೈಯಾಡಿಸಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಬೆಳೆಯೋ ಮಗೂಗೆ ತಗೊಂಡ ಹಾಗೆ ತಗೊಂಡ್ರಲ್ಲ" ಅಂದಳು ಹೆಂಡತಿ.

"ಒಳಗೆ ಹಿಡಿದು ಹೊಲೀತೀನಿ. ಒಂದು ಚೂರೂ ಕತ್ತರಿಸಲ್ಲ. ಮೈ ಬಂದ್ಮೇಲೆ ಬಿಚ್ಚಿದ್ರಾಯ್ತು."

ಇಬ್ಬರೂ ಹೋಟೆಲಿಗೆ ನಡೆದರು. ಅನ್ನದ ಪಾತ್ರೆ, ಬನಿಯನ್ನಿನ ಗಂಟು, ಕೋಟು ಎಲ್ಲವನ್ನೂ ಅವನೇ ಹೊತ್ತ. ಬನಿಯನ್ನು ಯಾಕೆ ಎರಡು ಡಜನ್ನು, ಕನ್ನಡಕ ಯಾಕೆ ಮೂರು ಎಂದು ದಾರಿಯುದ್ದಕ್ಕೂ ಒಂದೊಂದಾಗಿ ತಲೆಗೆ ಹತ್ತುತ್ತಿತ್ತು.

ಕೋಣೆಯಲ್ಲಿ ಇನ್ನೂ ಬಿಸಿಲಿತ್ತು. ಅವಳನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಟೇಪು ಬಿಚ್ಚಿದ. ಮದುವೆಯಾದ ವಾರದಲ್ಲಿ ಹಿಡಿದ ಹಾಗೆಯೇ ಎರಡೂ ಕೈಯಲ್ಲಿ ಹಿಡಿದ. ಅವಳು ಒಂದು ಕೈ ಚಾಚಿ ಮೇಜಿನ ಮೇಲಿದ್ದ ಹೋಟೆಲಿನ ಕಾಗದವನ್ನೂ ಪೆನ್ನನ್ನೂ ತೆಗೆದುಕೊಂಡು, ಮೇಲುಗಡೆ 'ಮನೆ' ಎಂದು ಬರೆದಳು.

"ಹೇಳಿ, ಬರ್ಕೋತೀನಿ."

ಟೇಪು ಸುತ್ತಿ ಬಂದು ಅವಳ ಎದೆಯ ಮುಂದೆ ಕೂಡಿತು. ಅವನು ಅಂಕಿ ನೋಡಿದ. ತುಂಬ ಹೊತ್ತು ನೋಡಿದ.

"ಎದೆ ಮೂವತ್ತಾರು" ಅಂದ.

ಅವಳು ತಲೆ ಬಗ್ಗಿಸಿ ಟೇಪು ನೋಡಿದಳು. ಮೂವತ್ತು ಎಂದು ಬರೆದಳು. ಕೆಳಗೆ ಆ ದಿನದ ತಾರೀಖು ಹಾಕಿದಳು. ಆಮೇಲೆ ಗುಲಾಬಿ ದಾರದ ಪೊಟ್ಟಣ ತೆಗೆದು, ಸೂಜಿಗೆ ದಾರ ಏರಿಸಿ, ಅವನ ಕೈಗೆ ಕೊಟ್ಟಳು.