ಡೊಬ್ರಿನಾಳ ಏಳು ಯಂತ್ರ, ಎಲ್ಲರ ಮೊಸರು

ಸೆಪ್ಟೆಂಬರಿನ ಮುಂಜಾವು. ಪಜಾರ್ಜಿಕ್ ಪಟ್ಟಣದ ಬಳಿ ದೊಣ್ಣೆಮೆಣಸಿನಕಾಯಿ ಸುಟ್ಟು ಗೊಜ್ಜು ಮಾಡುವ ಕಾರ್ಖಾನೆಯ ನೆಲಮಾಳಿಗೆಗೆ ಡೊಬ್ರಿನಾ ಇಲಿಯೆವಾ ಇಳಿಯುತ್ತಾಳೆ. ಕಾರ್ಖಾನೆಯ ಕಂಪ್ಯೂಟರುಗಳ ಉಸ್ತುವಾರಿ ಅವಳದು. ಆದರೆ ಅವಳು ಮೊದಲು ಮುಟ್ಟುವುದು ಕಂಪ್ಯೂಟರನ್ನಲ್ಲ, ಕಂಬಳಿಯನ್ನು. ಸರ್ವರುಗಳ ನೆತ್ತಿಯ ಮೇಲೆ ಕಂಬಳಿ, ಕಂಬಳಿಯೊಳಗೆ ಗಾಜಿನ ಭರಣಿಗಳು, ಭರಣಿಗಳಲ್ಲಿ ಕಾರ್ಖಾನೆಯವರೆಲ್ಲ ಹೆಪ್ಪು ಹಾಕಿಟ್ಟ ಹಾಲು!

"ಯಂತ್ರದ ಮೇಲೆ ಹಾಲು ಇಡಬೇಡಿ ಅಂತ ಹೇಳಿ ಹೇಳಿ ನಾಲಿಗೆ ಸವೆದುಹೋಯ್ತು" ಎನ್ನುತ್ತಾಳೆ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ. "ಆದ್ರೆ ಸುಳ್ಳು ಯಾಕೆ ಹೇಳ್ಲಿ, ಮೊಸರು ಮಾತ್ರ ಕಲ್ಲಿನ ಹಾಗೆ ಕೂರುತ್ತೆ."

ಕೂರದೆ ಏನು! ಏಳು ಸರ್ವರುಗಳ ಕಾವು ಅಂಥದ್ದು. ತೂಕಕ್ಕೊಂದು, ಉಗ್ರಾಣಕ್ಕೊಂದು, ಸಂಬಳಕ್ಕೊಂದು, ಹೀಗೆ ಒಂದೊಂದಕ್ಕೂ ಒಂದೇ ಕೆಲಸ. ಸಂಬಳದ ಯಂತ್ರವಂತೂ ತಿಂಗಳಿಗೊಮ್ಮೆ ಮೈಮುರಿದು, ಉಳಿದ ದಿನವೆಲ್ಲ ಅತ್ತೆಮನೆಗೆ ಬಂದ ಅಳಿಯನ ಹಾಗೆ ಕೂತು ಕರೆಂಟು ತಿನ್ನುತ್ತದೆ. ಒಂದು ಕೆಟ್ಟರೆ ಅದರ ಕೆಲಸ ಅಲ್ಲಿಗೇ ನಿಂತಿತು, ಡೊಬ್ರಿನಾಳ ಫೋನು ಬಡಿದುಕೊಂಡಿತು. ಮೆಣಸಿನಕಾಯಿ ಸುಗ್ಗಿಯಲ್ಲಿ ಅವಳಿಗೆ ರಜೆ ಎಂಬ ಮಾತೇ ಇಲ್ಲ. ಜನಜಂಗುಳಿ ಕರಗಿ ನೀರು ಇನ್ನೂ ಬೆಚ್ಚಗಿರುವ ಸೆಪ್ಟೆಂಬರಿನ ಸಮುದ್ರವನ್ನು ಅವಳು ಮದುವೆಯಾದ ಮೇಲೆ ಕಂಡೇ ಇಲ್ಲ.

ಅದಕ್ಕೇ ಅವಳು ವರ್ಚುವಲೈಸೇಶನ್ನಿನ ಹಿಂದೆ ಬಿದ್ದಳು. ಎರಡು ಗಟ್ಟಿ ಸರ್ವರು ತಂದು, ಏಳರ ಕೆಲಸವನ್ನೂ ಅವುಗಳೊಳಗೆ ಸೇರಿಸುವುದು ಅವಳ ಯೋಜನೆ.

"ಏಳೂ ಒಂದೇ ಪೆಟ್ಟಿಗೆ ಒಳಗಾ? ಹೊಡೆದಾಡಲ್ವಾ?" ಕಾರ್ಖಾನೆಯ ಮುಖ್ಯಸ್ಥ, ಇಂಜಿನಿಯರ್ ಕಾಲ್ಚೆವ್ ಹುಬ್ಬೇರಿಸಿದ.

"ನಿಮ್ಮ ಅಪಾರ್ಟ್‌ಮೆಂಟಲ್ಲಿ ಎಷ್ಟು ಸಂಸಾರ ಇದೆ, ಇಂಜಿನಿಯರೇ? ಪಕ್ಕದ ಮನೆ ಗಂಡ ಹೆಂಡತಿ ಕಿತ್ತಾಡಿದ್ರೆ ನಿಮ್ಮ ಸೂಪು ಚೆಲ್ಲುತ್ತಾ? ಇದೂ ಹಾಗೇ. ಒಂದು ಕಟ್ಟಡ, ಬೇರೆಬೇರೆ ಬಾಗಿಲು. ಈ ಕಟ್ಟಡ ಕುಸಿದ್ರೆ ಎಲ್ಲರೂ ಆ ಕಟ್ಟಡಕ್ಕೆ ಹೋಗ್ತಾರೆ. ಕರೆಂಟೂ ಉಳಿಯುತ್ತೆ."

ಕಾಲ್ಚೆವ್ ಮೀಸೆ ತಿರುವಿದ. "ಸರಿ. ಸುಗ್ಗೀಲಿ ಟ್ರ್ಯಾಕ್ಟರ್ ತೂಗೋ ವೇಬ್ರಿಡ್ಜ್ ನಿಂತ್ರೆ ನೀನು ಮನೆಗೆ ಹೋಗು. ನಿಲ್ಲದಿದ್ರೆ ಸಮುದ್ರಕ್ಕೆ ಹೋಗು!"

ಕ್ಯಾಂಟೀನಿನಲ್ಲಿ ಮಾತ್ರ ಯಾರಿಗೂ ಕರೆಂಟಿನ ಚಿಂತೆಯಿಲ್ಲ. ಅಡುಗೆಯ ಲೆಲ್ಯಾ ಗಿನ್ಕಾ ಸೌಟು ಹಿಡಿದೇ ಬಂದಳು. "ಏನೇ ಹುಡುಗಿ, ಯಂತ್ರ ಆರಿಸ್ತೀಯಂತೆ? ನಮ್ಮ ಹಾಲಿಗೆ ಕಾವು ನಿಮ್ಮಪ್ಪ ಕೊಡ್ತಾನಾ?"

"ಕಂಬಳಿ ಇನ್ನೊಂದು ಸುತ್ತು ಹೊದಿಸು, ಲೆಲ್ಯಾ."

"ಕಂಬಳಿ ನಿನ್ನ ತಲೆಗೆ ಹೊದಿಸ್ತೀನಿ!"

ಮೆಣಸಿನಕಾಯಿ ಟ್ರ್ಯಾಕ್ಟರುಗಳು ಗೇಟಿಗೆ ಮುಗಿಬಿದ್ದ ವಾರ, ಡೊಬ್ರಿನಾ ತೂಕದ ಕೆಲಸವನ್ನು ಹೊಸ ಸರ್ವರಿಗೆ ಸಾಗಿಸಿದಳು. ಯಾರಿಗೂ ಹೇಳಲಿಲ್ಲ. ಇರಲಿ ಎಂದು ಹಳೆಯದನ್ನೂ ಆರಿಸದೆ ಬಿಟ್ಟಳು. ಮರುದಿನ ಬೆಳಿಗ್ಗೆ ಲೆಲ್ಯಾ ಗಿನ್ಕಾ, ಸಿಟ್ಟಿಗೋ ಏನೋ, ತನ್ನ ಅತಿ ದೊಡ್ಡ ಭರಣಿಯನ್ನು ತಂದು ಅದೇ ಹಳೆಯ ತೂಕದ ಯಂತ್ರದ ಅಂಚಿನಲ್ಲಿ ಕುಕ್ಕಿದಳು. ಭರಣಿ ವಾಲಿತು. ಬೆಚ್ಚನೆಯ ಹಾಲೆಲ್ಲ ಯಂತ್ರದ ಕಿಂಡಿಗಳೊಳಗೆ ಇಳಿಯಿತು. ಟಪ್ ಎಂದಿತು, ಹೊಗೆ ಬಂತು, ಸುಟ್ಟ ಹಾಲಿನ ವಾಸನೆ ಮೆಟ್ಟಿಲು ಹತ್ತಿತು.

"ಅಯ್ಯೋ, ತೂಕದ ಯಂತ್ರ ಸತ್ತೋಯ್ತು! ಹುಡುಗಿ ಕೆಲಸ ತಿಂದುಬಿಟ್ಟೆನಲ್ಲೋ ದೇವ್ರೇ!" ಎಂದು ಲೆಲ್ಯಾ ಬಾಯಿ ಬಡಿದುಕೊಂಡಳು. ಕಾಲ್ಚೆವ್ ಎದ್ದೆನೋ ಬಿದ್ದೆನೋ ಎಂದು ಅಂಗಳಕ್ಕೆ ಓಡಿ, ಏದುಸಿರು ಬಿಡುತ್ತ ವೇಬ್ರಿಡ್ಜಿನ ನಟ್ಟನಡುವೆ ನಿಂತ.

ಹಿಂದಿನ ಟ್ರ್ಯಾಕ್ಟರಿನವನು ಹಾರ್ನ್ ಬಾರಿಸಿದ. "ಇಳೀರಿ ಇಂಜಿನಿಯರೇ! ಇದು ಮೆಣಸಿನಕಾಯಿ ತೂಗೋದು, ನಿಮ್ಮನ್ನಲ್ಲ!"

ಕಾಲ್ಚೆವ್ ಪರದೆ ನೋಡಿದ. ಅವನ ತೂಕ ಅದರಲ್ಲಿ ಢಾಳಾಗಿ ಮಿನುಗುತ್ತಿತ್ತು, ತೊಂಬತ್ತೆಂಟು ಕಿಲೋ. ಹೆಂಡತಿಗೆ ಅವನು ಹೇಳಿಕೊಂಡು ಬಂದಿದ್ದು ಬೇರೆ. ಬೇಸರದ ನಡುವೆಯೂ ಅವನಿಗೆ ವಿಷಯ ಹೊಳೆಯಿತು. ಯಂತ್ರ ಸತ್ತಿದೆ, ಕೆಲಸ ಸತ್ತಿಲ್ಲ.

ಉಳಿದ ಆರರ ಕೆಲಸವೂ ಹೊಸ ಸರ್ವರುಗಳಿಗೆ ಸಾಗಿತು, ಹಳೆಯ ಯಂತ್ರಗಳೆಲ್ಲ ಆರಿದವು. ಸುಗ್ಗಿ ಇನ್ನೂ ಮುಗಿದಿಲ್ಲ, ಡೊಬ್ರಿನಾ ಆಗಲೇ ಸೊಜೋಪೋಲಿನ ಕಡಲತೀರದ ಮರಳಲ್ಲಿ ಕಾಲು ಚಾಚಿ ಕೂತಿದ್ದಾಳೆ. ನೀರು ಅವಳು ನೆನೆಸಿಕೊಂಡಷ್ಟೇ ಬೆಚ್ಚಗಿದೆ. ಖುಷಿಗೆ ಕಣ್ಣು ತುಂಬಿ, ಅದಕ್ಕೆ ಗಾಳಿಯನ್ನು ಬೈಯುತ್ತಾಳೆ.

ಅಷ್ಟರಲ್ಲಿ ಫೋನು. ಕಾಲ್ಚೆವ್! ಅವಳು ಕೈಯ ಮರಳು ಕೊಡವಿ ಫೋನು ಕಿವಿಗಿಡುತ್ತಾಳೆ.

"ಡೊಬ್ರಿನಾ, ಎಲ್ಲ ಹಾಳಾಯ್ತು!"

"ವೇಬ್ರಿಡ್ಜಾ?"

"ಅದು ಓಡ್ತಿದೆ."

"ಸಂಬಳದ್ದಾ?"

"ಅದೂ ಓಡ್ತಿದೆ. ನಾನೂ ಒಂದು ಭರಣಿ ಇಟ್ಟಿದ್ದೆ ಕಣಮ್ಮ, ನಿನ್ನ ಹೊಸ ಯಂತ್ರದ ಹಿಂದೆ. ಹಾಲು ಹಾಲಾಗೇ ಇದೆ!"

ಡೊಬ್ರಿನಾ ಮರಳಿನ ಮೇಲೆ ಹಿಂದಕ್ಕೆ ಒರಗುತ್ತಾಳೆ.

"ಇನ್ನೊಂದು ಕಂಬಳಿ ಹೊದಿಸಿ, ಇಂಜಿನಿಯರೇ. ನಾನು ನೋಡ್ಕೊಳ್ಳೋದು ಯಾವುದೂ ಕೆಟ್ಟಿಲ್ಲ."