ಗ್ಯಾಲಕ್ಸಿಯ ಎಂಟು ಹಲ್ಲು

ಎದುರಿಗೆ ಯಾರೇ ಬರಲಿ, ಡಾಕ್ಟರ್ ಚಿದಾನಂದರಿಗೆ ಮೊದಲು ಕಾಣುವುದು ಹಲ್ಲು. ಹಲ್ಲಿನ ಸುತ್ತ ಇರುವ ಮನುಷ್ಯ ಕಾಣಬೇಕಾದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಹೆಣ್ಣು ನೋಡಲು ಹಾಸನಕ್ಕೆ ಹೋಗಿ ಬಂದವರನ್ನು ತಾಯಿ "ಹುಡುಗಿ ಹೇಗಿದ್ದಾಳೋ?" ಎಂದು ಕೇಳಿದ್ದಕ್ಕೆ, "ಮೇಲ್ಸಾಲು ಮುತ್ತಿನ ಹಾಗಿದೆ. ಕೆಳಸಾಲಲ್ಲಿ ಒಂದು ಕಡೆ ಸ್ವಲ್ಪ ಇಕ್ಕಟ್ಟು" ಎಂದಿದ್ದರಂತೆ. ಆ ಇಕ್ಕಟ್ಟಿನ ಕಮಲಾಕ್ಷಿಯನ್ನೇ ಕಟ್ಟಿಕೊಂಡು ನೈರೋಬಿಗೆ ಬಂದರು. ಒಂದೆರಡು ವರ್ಷ ಇದ್ದು ಹೋಗೋಣ ಎಂದು ಬಂದವರು ಹರ್ಲಿಂಗ್‌ಹ್ಯಾಮಿನಲ್ಲಿ ಕ್ಲಿನಿಕ್ಕು ತೆರೆದು, ಸ್ಪ್ರಿಂಗ್ ವ್ಯಾಲಿಯಲ್ಲಿ ದೊಡ್ಡ ಕಾಂಪೌಂಡಿನ ಬಾಡಿಗೆ ಮನೆ ಹಿಡಿದು, ಅಲ್ಲೇ ತಲೆ ನರೆಸಿಕೊಂಡರು.

ಕೈ ಬಹಳ ಹಗುರ. ಹಲ್ಲು ಕಿತ್ತದ್ದು ಗೊತ್ತೇ ಆಗದೆ ಮಟಾಟು ಎಂಬ ಅಲ್ಲಿನ ಬಾಡಿಗೆ ವ್ಯಾನಿನ ಡ್ರೈವರೊಬ್ಬ ಸಂಜೆಯವರೆಗೂ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದನಂತೆ. ಹೊರಗೆ ಅವನ ಪ್ಯಾಸೆಂಜರುಗಳು ಕಾದು ಕಾದು ಹರ್ಲಿಂಗ್‌ಹ್ಯಾಮಿನವರೇ ಆಗಿಬಿಟ್ಟಿದ್ದರಂತೆ. ಲಿಮುರುವಿನ ಮುದುಕ ಟೀ ತೋಟದ ಮಾಲೀಕರೊಬ್ಬರಿಗೆ ಡಾಕ್ಟರು ಕಟ್ಟಿಕೊಟ್ಟ ಹಲ್ಲುಸೆಟ್ಟು ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಅವರು ಅದರಲ್ಲಿ ಒಂದು ಜಲ್ಲೆ ಕಬ್ಬು ಸಿಗಿದು, ಆ ಸಂತೋಷದಲ್ಲಿ ತಮ್ಮ ಷೆಡ್ಡಿನಲ್ಲಿ ಬಿದ್ದಿದ್ದ ಕಾರಿನ ಬೀಗದ ಕೈಯನ್ನು ಡಾಕ್ಟರ ಕೋಟಿನ ಜೇಬಿಗೆ ಹಾಕಿಬಿಟ್ಟರು.

ಅದು ಅರವತ್ತೈದನೆಯ ಇಸವಿಯ ಫೋರ್ಡ್ ಗ್ಯಾಲಕ್ಸಿ. ಅಮೆರಿಕದವರು ಜಾಗಕ್ಕೆ ಬರವಿಲ್ಲದ ಕಾಲದಲ್ಲಿ ಮಾಡಿದ ಕಾರು. ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದ ದಿನ ಮುಂದಿನ ಬಂಪರು ಮನೆಯ ಗೇಟಿನೊಳಗೆ ಬಂದಿದ್ದರೂ ಹಿಂದಿನದು ಇನ್ನೂ ವೆಸ್ಟ್‌ಲ್ಯಾಂಡ್ಸಿನ ಟ್ರಾಫಿಕ್ಕಿನಲ್ಲಿ ಬೈಗುಳ ತಿನ್ನುತ್ತಿತ್ತು. ಡಿಕ್ಕಿಯಲ್ಲಿ ಒಂದು ಪಂಕ್ತಿಗೆ ಎಲೆ ಹಾಕಬಹುದು.

"ಇದನ್ನ ಏನು ಮಾಡ್ತೀರಿ?" ಎಂದು ಕೇಳಿದರು ಕಮಲಾಕ್ಷಿ.

"ರಿಪೇರಿ ಮಾಡ್ತೀನಿ."

"ಮನೇಲಿ ನಲ್ಲಿ ಸೋರ್ತಾ ಇದೆ."

"ಅದು ಪ್ಲಂಬರ್ ಕೆಲಸ ಕಣೇ."

ಅಲ್ಲಿಂದ ಡಾಕ್ಟರ ಭಾನುವಾರಗಳೆಲ್ಲ ಕಾರಿನ ಕೆಳಗೆ ಹೋದವು. ಕ್ಲಿನಿಕ್ಕಿನ ಸಾಮಾನೆಲ್ಲ ಗ್ಯಾರೇಜಿಗೆ ಬಂತು. ಕಾರ್ಬುರೇಟರಿನ ಸೂಜಿಮೊನೆಯಂಥ ತೂತುಗಳಿಗೆ ರೂಟ್ ಕೆನಾಲಿನ ಅರ ಹಾಕಿ ಉಜ್ಜಿದರು. ಬಂಪರಿಗೆ ಹಲ್ಲು ಪಾಲಿಶ್ ಮಾಡುವ ಪೇಸ್ಟು ಹಚ್ಚಿ ತಿಕ್ಕಿದ್ದಕ್ಕೆ ಅದಕ್ಕೆ ಎಂಥ ಹೊಳಪು ಬಂತೆಂದರೆ, ದಾರಿಯಲ್ಲಿ ಹೋಗುವವರು ಗೇಟಿನ ಹೊರಗಿನಿಂದಲೇ ಅದರಲ್ಲಿ ಮುಖ ನೋಡಿಕೊಂಡು ಬೈತಲೆ ತೆಗೆದುಕೊಳ್ಳುತ್ತಿದ್ದರು. ಸ್ಟಿಯರಿಂಗು ಬಿಸಿಲಿಗೆ ಬಿರುಕು ಬಿಟ್ಟಿತ್ತು. ಅದಕ್ಕೆ ಹಲ್ಲುಸೆಟ್ಟಿನ ಒಸಡಿಗೆ ಹಾಕುವ ಗುಲಾಬಿ ಪದಾರ್ಥವನ್ನೇ ತುಂಬಿದರು. ಹಿಡಿದುಕೊಂಡರೆ ಯಾರದೋ ಬಾಯೊಳಗೆ ಕೈಯಿಟ್ಟ ಹಾಗಾಗುತ್ತಿತ್ತು. ಡಾಕ್ಟರಿಗೆ ಅದು ಅಭ್ಯಾಸವಾದ್ದರಿಂದ ಗೊತ್ತಾಗಲಿಲ್ಲ.

ಇಷ್ಟೊಂದು ಯಾಕೆ ಹಚ್ಚಿಕೊಂಡಿರಿ ಎಂದು ಕೇಳಿದವರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: "ಕ್ಲಿನಿಕ್ಕಿಗೆ ಬರೋರೆಲ್ಲ ಹೆದರಿಕೊಂಡು ಬರ್ತಾರೆ, ಮುಗಿದ ತಕ್ಷಣ ಓಡಿಹೋಗ್ತಾರೆ. ಇದೊಂದು ಪೇಷೆಂಟು ಸಮಾಧಾನವಾಗಿ ನಿಂತಿದೆ." ನಿಂತಿತ್ತು ನಿಜ. ಓಡಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಸಹಾಯಕ್ಕೆ ಜೋಸೆಫ್ ಇದ್ದ. ವೆಸ್ಟ್‌ಲ್ಯಾಂಡ್ಸಿನ ಫುಂಡಿ, ಅಂದರೆ ಮೆಕ್ಯಾನಿಕ್ಕು. ಅರ್ಧ ಊರಿನ ಮಟಾಟುಗಳು ಅವನ ಕೈಯಲ್ಲಿ ಸತ್ತು ಬದುಕಿದಂಥವು. ಯಾವ ಗಾಡಿಗೆ ಏನೇ ಆಗಲಿ, ಅವನ ಪ್ರಕಾರ ಕಾಯಿಲೆ ಒಂದೇ, ಕಾರ್ಬುರೇಟರು. ಕಾರ್ಬುರೇಟರೇ ಇಲ್ಲದ ಗಾಡಿಯಲ್ಲೂ ಅವನು ಅದನ್ನು ಹುಡುಕಿ, ಸಿಗದಿದ್ದರೆ "ಅದೇ ನೋಡಿ ತೊಂದರೆ" ಎನ್ನುತ್ತಿದ್ದ.

ಎಡವಟ್ಟಾಗಿದ್ದು ವೈರಿನಲ್ಲಿ. ಗ್ಯಾಲಕ್ಸಿಯ ಇಂಜಿನ್ನಿನಲ್ಲಿ ಎಂಟು ಸಿಲಿಂಡರು, ಬಲಕ್ಕೆ ನಾಲ್ಕು ಎಡಕ್ಕೆ ನಾಲ್ಕು, ಎರಡು ದವಡೆಯ ಹಾಗೆ. ಒಂದೊಂದಕ್ಕೂ ಕಿಡಿ ಕೊಡಲು ಒಂದೊಂದು ವೈರು. ಹಳೆಯ ವೈರನ್ನೆಲ್ಲ ಇಲಿ ತಿಂದಿತ್ತು. ಬುದ್ಧಿ ಇದ್ದವರು ಒಂದು ವೈರು ಬಿಚ್ಚಿ, ಆ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಾರೆ. ಡಾಕ್ಟರು ಹಲ್ಲುಸೆಟ್ಟು ಕಟ್ಟಿ ಪಳಗಿದವರು. ಮೊದಲು ಬಾಯಿ ಪೂರಾ ಖಾಲಿ ಮಾಡಿದರು.

ಯಾವ ಸಿಲಿಂಡರಿನ ನಂತರ ಯಾವುದಕ್ಕೆ ಕಿಡಿ ಬೀಳಬೇಕೆಂಬ ಸರದಿ ಇಂಜಿನ್ನಿನ ಕಬ್ಬಿಣದ ಮೇಲೇ ಅಚ್ಚಾಗಿತ್ತು: ಒಂದು, ಐದು, ನಾಲ್ಕು, ಎರಡು ಎಂದು ಕುಡಿದವನು ಮಗ್ಗಿ ಹೇಳಿದ ಹಾಗೆ. ಸರದಿಯೇನೋ ಗೊತ್ತಾಯಿತು. ಆದರೆ ಈ ಎಂಟರಲ್ಲಿ ಒಂದನೆಯದು ಯಾವುದು? ಅದನ್ನು ಕಬ್ಬಿಣ ಹೇಳಲಿಲ್ಲ.

"ಒಂದೇ ಸಾಲು ಇದ್ದಿದ್ದರೆ ನಾನು ಹೇಳುತ್ತಿದ್ದೆ ಡಾಕ್ಟರ್. ಎರಡು ಸಾಲಿನದು ನಿಮ್ಮ ಇಲಾಖೆ," ಎಂದು ಜೋಸೆಫ್ ಕೈ ಒರೆಸಿಕೊಂಡ.

ಡಾಕ್ಟರ ಮುಖ ಅರಳಿತು. ಅಮೆರಿಕದ ದಂತವೈದ್ಯರು ಹಲ್ಲಿಗೆ ನಂಬರು ಕೊಡುವ ರೀತಿ ಅವರಿಗೆ ಬಾಯಿಪಾಠ. ಬಲಗಡೆಯ ಕಟ್ಟಕಡೆಯ ದವಡೆಹಲ್ಲು ಒಂದು, ಅಲ್ಲಿಂದ ಮುಂದಕ್ಕೆ ಎಣಿಸುತ್ತ ಬಂದು, ಮುಂದಿನ ಹಲ್ಲು ದಾಟಿ, ಎಡಗಡೆಯಲ್ಲಿ ಹಿಂದಕ್ಕೆ ಹೋಗುವುದು. "ಅಮೆರಿಕದ ಕಾರು. ಅಮೆರಿಕದ ಲೆಕ್ಕ," ಎಂದು ಒಂದೊಂದು ವೈರಿಗೂ ಬಿಳಿ ಪ್ಲಾಸ್ಟರು ಸುತ್ತಿ, ಅದರ ಮೇಲೆ ನಂಬರು ಬರೆದು, ಒಂದನೆಯ ವೈರನ್ನು ಬಲಸಾಲಿನ ಕಟ್ಟಕಡೆಗೆ ಸಿಕ್ಕಿಸಿದರು. ಉಳಿದದ್ದು ದವಡೆ ಸುತ್ತಿಕೊಂಡು ಎಡಸಾಲಿನ ಕೊನೆಯವರೆಗೂ ಹೋಯಿತು.

ಬೀಗದ ಕೈ ತಿರುಗಿಸಿದರು. ಕಾರು ಒಮ್ಮೆ ಕೆಮ್ಮಿತು, ಮೈಯೆಲ್ಲ ನಡುಗಿಸಿತು, ಆಮೇಲೆ ಗುಂಡು ಹೊಡೆದ ಹಾಗೆ ಸಿಡಿಯಿತು. ಗೇಟು ಕಾಯುವ ಅಸ್ಕಾರಿ ಬೇಲಿ ಹಾರಿ ಪಕ್ಕದ ಮನೆಯನ್ನು ಕಾಯತೊಡಗಿದ. ಸ್ಪ್ರಿಂಗ್ ವ್ಯಾಲಿಯ ನಾಯಿಗಳೆಲ್ಲ ಒಂದು ವಾರ ಊಟ ಬಿಟ್ಟವು.

"ಕಾರ್ಬುರೇಟರು," ಎಂದ ಜೋಸೆಫ್.

ಹೀಗೇ ಸಿಡಿಯುತ್ತ ಸಿಡಿಯುತ್ತ ಕಾಲ ಕಳೆದೀತೇನೋ. ಅಷ್ಟರಲ್ಲಿ ಮನೆಯ ಮಾಲೀಕರು ಹೇಳಿಕಳಿಸಿದರು: ಮನೆ ಕೆಡವಿ ಆಕಾಶದವರೆಗೆ ಫ್ಲಾಟು ಕಟ್ಟಿಸುತ್ತೇವೆ, ತಿಂಗಳ ಕೊನೆಗೆ ಖಾಲಿ ಮಾಡಿ. ಕಮಲಾಕ್ಷಿಯವರು ಕ್ಲಿನಿಕ್ಕಿನ ಹತ್ತಿರವೇ ಹರ್ಲಿಂಗ್‌ಹ್ಯಾಮಿನಲ್ಲಿ ಫ್ಲಾಟು ನೋಡಿದರು. ಎಲ್ಲ ಸರಿ, ಅಲ್ಲಿನವರ ಒಂದು ಮಾತು ಮಾತ್ರ ಕಟ್ಟುನಿಟ್ಟು. ತಾನಾಗಿ ಓಡಿ ಬರುವ ಗಾಡಿಗೆ ಅಂಗಳದಲ್ಲಿ ಜಾಗವುಂಟು, ಎಳೆದುಕೊಂಡು ತಂದದ್ದಕ್ಕೆ ಗೇಟೇ ತೆಗೆಯುವುದಿಲ್ಲ.

"ಶನಿವಾರ ನಾವು ಹೊರಡೋದು. ಹಳೇ ಕಬ್ಬಿಣದೋರಿಗೂ ಅವತ್ತೇ ಬರೋಕೆ ಹೇಳಿದೀನಿ," ಎಂದರು ಕಮಲಾಕ್ಷಿ. "ನಿಮ್ಮ ಕಾರು ತನ್ನ ಕಾಲ ಮೇಲೆ ತಾನು ಹೊರಟ್ರೆ ನಮ್ಮ ಜೊತೆ ಬರಲಿ. ಇಲ್ಲಾಂದ್ರೆ ಲಾರಿ ಹತ್ತಲಿ."

ಡಾಕ್ಟರಿಗೆ ಅನ್ನ ಇಳಿಯಲಿಲ್ಲ. ಕ್ಲಿನಿಕ್ಕಿನಲ್ಲಿ ಒಬ್ಬ ಹೆಂಗಸಿನ ಹಲ್ಲನ್ನು "ಒಂದು, ಐದು, ನಾಲ್ಕು, ಎರಡು" ಎಂದು ಎಣಿಸಿದ್ದಕ್ಕೆ ಆಕೆ ಬಾಯಿ ಮುಚ್ಚಿಕೊಂಡು ಎದ್ದು ಹೋದಳು.

ಮಗಳು ಶರ್ವಾಣಿ ವೆಸ್ಟ್‌ಲ್ಯಾಂಡ್ಸಿನಲ್ಲಿ ವಕೀಲೆ. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಅಪ್ಪನ ಅವಸ್ಥೆ ನೋಡಲಾರದೆ ಫೋನಿನಲ್ಲಿ ಹುಡುಕಿ ತೋರಿಸಿದಳು.

"ಅಪ್ಪಾ, ಲುಕ್. ರೈಟ್ ಸೈಡ್, ಫ್ರಂಟ್ ಟು ಬ್ಯಾಕ್, ಒನ್ ಟು ಫೋರ್. ಲೆಫ್ಟ್ ಸೈಡ್, ಸೇಮ್, ಫೈವ್ ಟು ಏಟ್."

ಬಲಸಾಲಿನಲ್ಲೂ ಮುಂದಿನಿಂದಲೇ ಎಣಿಸಬೇಕು ಎಂದಂತಾಯಿತು. ಡಾಕ್ಟರು ಕನ್ನಡಕ ಏರಿಸಿದರು. "ಫೋನಿಗೇನು ಗೊತ್ತು? ಬಲಗಡೆ ಅಂದ್ರೆ ಯಾರ ಬಲಗಡೆ?"

"ದಿ ಕಾರ್ಸ್!"

"ಕಾರಿನ ಮುಖ ಈ ಕಡೆಗಿದೆ. ನಾನು ಎದುರಿಗೆ ನಿಂತಿದೀನಿ. ಅದರ ಬಲ ನನ್ನ ಎಡ. ಅಷ್ಟು ಗೊತ್ತಿಲ್ದೆ ಇಷ್ಟು ವರ್ಷ ಹಲ್ಲು ಕಿತ್ತಿದೀನಾ?"

"ನಾನು ಒಳಗೆ ಕೂತಿದ್ದೇನೆ. ನನ್ನ ಬಲವೇ ಕಾರಿನ ಬಲ," ಎಂದ ಜೋಸೆಫ್ ಸ್ಟಿಯರಿಂಗಿನ ಹಿಂದಿನಿಂದ.

"ಸರಿ, ಅದನ್ನೇ ನಾನೂ ಹೇಳ್ತಿರೋದು."

"ಹಾಗಾದರೆ ನಾವು ಯಾಕೆ ಜಗಳ ಆಡುತ್ತಿದ್ದೇವೆ?"

ಡಾಕ್ಟರು ಕಾರನ್ನು ಒಂದು ಪ್ರದಕ್ಷಿಣೆ ಹಾಕಿದರು, ಕಾರಿಗೆ ಬೆನ್ನು ಮಾಡಿ ನಿಂತು ಬಲಗೈ ಎತ್ತಿ ನೋಡಿಕೊಂಡರು, ತಿರುಗಿ ನಿಂತು ಇನ್ನೊಂದು ಸಲ ಎತ್ತಿದರು. ಕೊನೆಗೆ ತಮ್ಮ ಬಲಗೈ ಯಾವುದೆಂಬುದರ ಮೇಲೇ ಅನುಮಾನ ಬಂದು, ಊಟ ಮಾಡುವ ಹಾಗೆ ಬಾಯಿಗೆ ಕೈ ತಂದು ಖಾತ್ರಿ ಮಾಡಿಕೊಂಡರು. "ಬಲ ಇದೇನೇ. ಆದ್ರೆ ಎಣಿಕೆ ಹಿಂದಿನಿಂದ್ಲೇ. ಒಂದು ದೇಶದೋರು ಬಾಯಿಗೊಂದು ಲೆಕ್ಕ, ಬಾನೆಟ್ಟಿಗೊಂದು ಲೆಕ್ಕ ಇಟ್ಕೋತಾರೇನೇ?" ಎಂದು ತೀರ್ಪು ಕೊಟ್ಟು ಮಲಗಲು ಹೋದರು. ನಿದ್ದೆ ಬರಲಿಲ್ಲ. ಯಾವ ಮಗ್ಗುಲಿಗೆ ಹೊರಳಬೇಕೆಂದೇ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಸಾಮಾನಿನ ಲಾರಿ ಮೊದಲು ಹೋಯಿತು. ಅದರ ಹಿಂದೆಯೇ ಕಬ್ಬಿಣದ ಲಾರಿ ಬಂದು ಗೇಟಿಗೆ ಅಡ್ಡ ನಿಂತಿತು. ಇಳಿದವರ ಕೈಯಲ್ಲಿ ಸರಪಳಿ. ಅದರ ಸದ್ದು ಕೇಳಿ, ಕ್ಲಿನಿಕ್ಕಿನ ಕುರ್ಚಿ ಹತ್ತುವವರ ಭಯ ಡಾಕ್ಟರಿಗೆ ಮೊದಲ ಸಲ ಅರ್ಥವಾಯಿತು.

ಅವರು ಗೇಟಿಗೆ ಓಡಿದರು. "ಪೋಲೆ ಪೋಲೆ, ನಿಧಾನ ಸ್ವಾಮಿ! ಇನ್ನೂ ಜೀವ ಇದೆ ಅದಕ್ಕೆ!" ಎಂದು ಕನ್ನಡ, ಸ್ವಾಹಿಲಿ ಎರಡನ್ನೂ ಕಲಸಿ ಬೇಡಿಕೊಂಡರು. ಲಾರಿಯವರಲ್ಲಿ ಒಬ್ಬನಿಗೆ ಹಲ್ಲುನೋವಿರುವುದು ಆಗಲೂ ಅವರ ಕಣ್ಣಿಗೆ ಬಿತ್ತು. ಅವನ ಬಾಯಿ ತೆರೆಸಿ ನೋಡುವ ನೆಪದಲ್ಲಿ ಆದಷ್ಟು ಹೊತ್ತು ತಡೆದರು.

ಇತ್ತ ಜೋಸೆಫ್ ಕೊನೆಯ ಪ್ರಯತ್ನವೆಂದು ಕಾರ್ಬುರೇಟರಿಗೆ ಬಾಯಿಟ್ಟು ಊದಿ, ಮುಖ ತೊಳೆಯಲು ಸೋರುವ ನಲ್ಲಿಯ ಕಡೆ ಹೋಗಿದ್ದ. ಕಮಲಾಕ್ಷಿಯವರು ಹೊಸ ಮನೆಗೆ ಹೊರಡುವ ಗಳಿಗೆಯೆಂದು, ಬೇಡದ ಕಾರಾದರೂ ಆಯುಧಪೂಜೆಯ ಅಭ್ಯಾಸಕ್ಕೆ ಚಕ್ರಕ್ಕೊಂದು ನಿಂಬೆಹಣ್ಣಿಟ್ಟು ಕುಂಕುಮ ಹಚ್ಚುತ್ತಿದ್ದರು. ಶರ್ವಾಣಿ ಒಮ್ಮೆ ಗೇಟಿನ ಕಡೆ ನೋಡಿದಳು. ಅಪ್ಪನ ಬೆನ್ನು ಕಂಡಿತು, ಸರಪಳಿ ಹಿಡಿದವನ ಮುಂದೆ ಬಗ್ಗಿದ ಬೆನ್ನು. ಅವಳು ಬಾನೆಟ್ಟಿನೊಳಗೆ ಕೈ ಹಾಕಿ ಬಲಸಾಲಿನ ವೈರುಗಳನ್ನು ಕಿತ್ತಳು. ಕೊನೆಯಲ್ಲಿದ್ದದ್ದನ್ನು ಮುಂದಕ್ಕೆ, ಮುಂದಿನದನ್ನು ಕೊನೆಗೆ, ನಡುವಿನೆರಡನ್ನು ಅದಲುಬದಲು ಮಾಡಿ ಸಿಕ್ಕಿಸಿ, ಬಾನೆಟ್ಟು ಮುಚ್ಚಿ, ಮಸಿಯಾದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಏನೇ ಮಾಡ್ದೆ?" ಎಂದು ಕಮಲಾಕ್ಷಿ ಪಿಸುಗುಟ್ಟಿದರು.

"ನಥಿಂಗ್, ಅಮ್ಮಾ. ಡೋಂಟ್ ಟೆಲ್ ಹಿಮ್."

ಡಾಕ್ಟರು ಬಂದು ಕೂತರು. ಕಣ್ಣು ಮುಚ್ಚಿ ಬೀಗದ ಕೈ ತಿರುಗಿಸಿದರು. ಅಸ್ಕಾರಿ ಅಭ್ಯಾಸಬಲದಿಂದ ಬೇಲಿ ಹಾರಿಯೇಬಿಟ್ಟಿದ್ದ.

ಸಿಡಿಯಲಿಲ್ಲ. ಹೊಟ್ಟೆ ತುಂಬ ಉಂಡ ಹುಲಿ ನಿದ್ದೆಯಲ್ಲಿ ಗೊರಕೆ ಹೊಡೆದ ಹಾಗೆ ಒಂದು ಸದ್ದು ಬಂತು, ಬಂದದ್ದು ನಿಲ್ಲಲಿಲ್ಲ. ಅಷ್ಟು ದಪ್ಪದ, ಅಷ್ಟು ಮೆತ್ತನೆಯ ಸದ್ದನ್ನು ಡಾಕ್ಟರು ಜನ್ಮದಲ್ಲಿ ಕೇಳಿರಲಿಲ್ಲ. ಸ್ಟಿಯರಿಂಗು ಹಿಡಿದ ಕೈ ಹಾಗೇ ಉಳಿಯಿತು.

"ಕಾರ್ಬುರೇಟರು! ನಾನು ಹೇಳಲಿಲ್ಲವಾ!" ಎಂದು ಜೋಸೆಫ್ ಕುಣಿದ.

"ನಿಂಬೆಹಣ್ಣು ಕಣ್ರೀ," ಎಂದರು ಕಮಲಾಕ್ಷಿ ಮಗಳ ಮುಖ ನೋಡದೆ.

ಡಾಕ್ಟರು ಇಬ್ಬರನ್ನೂ ನೋಡಿದರು. ಯಾರನ್ನು ನಂಬುವುದೋ ತಿಳಿಯಲಿಲ್ಲ. "ನನ್ನ ನಂಬರು?" ಎಂದು ಮೆಲ್ಲಗೆ ಕೇಳಿದರು. ಕಬ್ಬಿಣದವರೇ ಚಪ್ಪಾಳೆ ತಟ್ಟಿ ಲಾರಿಯನ್ನು ಪಕ್ಕಕ್ಕೆ ತೆಗೆದರು. ನಿಂಬೆಹಣ್ಣು ಪಚಕ್ಕೆಂದವು. ಗ್ಯಾಲಕ್ಸಿ ರಸ್ತೆಗಿಳಿಯಿತು.

ವೆಸ್ಟ್‌ಲ್ಯಾಂಡ್ಸ್ ದಾಟುವಾಗ ಮಟಾಟುಗಳು ದಾರಿ ಬಿಟ್ಟವು. ನೈರೋಬಿಯ ಚರಿತ್ರೆಯಲ್ಲಿ ಅಂಥದ್ದು ಅದೇ ಮೊದಲು, ಬಹುಶಃ ಅದೇ ಕೊನೆ. ಹರ್ಲಿಂಗ್‌ಹ್ಯಾಮಿನ ಗೇಟು ತೆರೆಯಿತು. ಕಾರು ತನ್ನ ಕಾಲ ಮೇಲೆ ತಾನು ಒಳಗೆ ಬಂದು, ಎರಡು ಕಾರಿನ ಜಾಗ ಹಿಡಿದು ನಿಂತಿತು. ಡಾಕ್ಟರು ಮಾತ್ರ ಇಳಿಯಲಿಲ್ಲ, ಇಂಜಿನ್ನೂ ಆರಿಸಲಿಲ್ಲ. ಯಾಕೆ ಹೊತ್ತಿಕೊಂಡಿತೆಂದು ಗೊತ್ತಿಲ್ಲದ್ದನ್ನು ಯಾವ ಧೈರ್ಯದ ಮೇಲೆ ಆರಿಸುವುದು?

ಮೊದಲನೆಯ ಮಹಡಿಯ ಮಂಗಳೂರಿನ ಲಿಯೋ ಬನಿಯನ್ನಿನಲ್ಲೇ ಇಳಿದು ಬಂದರು. "ಡಾಕ್ಟ್ರೇ, ಎಂಥ ಗಾಡಿ ಮಾರಾಯ್ರೇ ಇದು! ಬಾನೆಟ್ ಒಮ್ಮೆ ತೆಗೀರಿ, ನೋಡ್ವ."

ಡಾಕ್ಟರು ಇಳಿದು ಹೆಮ್ಮೆಯಿಂದ ಬಾನೆಟ್ಟು ಎತ್ತಿದರು. ಎತ್ತಿದವರು ಹಾಗೇ ನಿಂತರು. ಒಂದನೆಯ ವೈರು ಇರಬೇಕಾದ ಕಡೆ ನಾಲ್ಕನೆಯದು. ನಾಲ್ಕಿರಬೇಕಾದಲ್ಲಿ ಒಂದು. ಬಲದವಡೆಯ ಹಲ್ಲೆಲ್ಲ ಹಿಂದುಮುಂದು. ಇಂಜಿನ್ನು ಹುಲಿಯ ಹಾಗೆ ಗೊರಕೆ ಹೊಡೆಯುತ್ತಲೇ ಇತ್ತು.

"ಕಮಲಾ," ಎಂದು ಕೂಗಿದರು. "ಇದು ಪೂರ್ತಿ ತಪ್ಪಾಗಿದೆ ಕಣೇ! ನಂಬರೆಲ್ಲ ಉಲ್ಟಾ!"

"ಓಡ್ತಾ ಇದೆಯಲ್ಲ?"

"ಓಡ್ತಾ ಇದೆ. ಅದೇ ಹೇಗೆ ಅಂತ! ತಪ್ಪಾಗಿದ್ದೂ ಓಡ್ತಾ ಇದೆ ಅಂದ್ರೆ, ಸರಿ ಮಾಡಿದ್ರೆ ಇನ್ನೆಷ್ಟು ಚೆನ್ನಾಗಿ ಓಡಬೇಡ?" ಎಂದು ಡಾಕ್ಟರು ಅಂಗಿಯ ತೋಳು ಮಡಿಸಿ ವೈರಿಗೆ ಕೈ ಹಾಕಿದರು.

ಅನ್ನದ ಕುಕ್ಕರನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲಿದ್ದ ಕಮಲಾಕ್ಷಿಯವರು ಅದನ್ನು ಅಲ್ಲೇ ಇಟ್ಟು ಓಡಿಬಂದು, ಮದುವೆಯಾದಾಗಿನಿಂದ ಜನರೆದುರು ಯಾವತ್ತೂ ಮಾಡದ ಕೆಲಸ ಮಾಡಿದರು. ಗಂಡನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಇದೇನೇ, ಎಲ್ರೂ ನೋಡ್ತಿದಾರೆ," ಎಂದರು ಡಾಕ್ಟರು, ಇನ್ನೂ ಗೊಂದಲಕ್ಕೆ ಬಿದ್ದು.

"ನೋಡಲಿ. ಬಿಡಲ್ಲ," ಎಂದರು ಕಮಲಾಕ್ಷಿ.